ಮೂರನೆಯ ಸಾಲು ಖಾಲಿ ಇತ್ತು

ನಾನು ಹೆಬ್ಬಲಸಿನ ಮರದಿಂದ ಮಾಡಿದ ಒಂದು ಪೆಟ್ಟಿಗೆ. ಉದ್ದ ಒಂದು ಮೀಟರು, ಅಗಲ ಒಂದು ಮೊಳದಷ್ಟು. ಒಳಗೆ ಐದು ಉದ್ದನೆಯ ಸಾಲುಗಳು. ಮಂಗಳೂರಿನಲ್ಲಿ, ಬಂದರಿನ ಕಡೆಗೆ ಇಳಿಯುವ ಒಂದು ಓಣಿಯಲ್ಲಿ, ಕೇಶವ ಆಚಾರಿಯವರ ಚಪ್ಪರದಡಿ ನಾನು ಹುಟ್ಟಿದೆ. ಆಚಾರಿಯವರ ಹೆಂಡತಿ ಚಹಾ ತಂದವರು ನನ್ನನ್ನು ನೋಡಿ ನಕ್ಕರು.

“ಇದೆಂತದು? ತೊಟ್ಟಿಲೂ ಅಲ್ಲ, ಮಸಾಲೆ ಡಬ್ಬಿಯೂ ಅಲ್ಲ.”

“ನೆಲದ ಹೊಟ್ಟೆಯಲ್ಲಿ ಎಂತ ಉಂಟು ಅಂತ ತೋರಿಸ್ಲಿಕ್ಕೆ ಇರುದು,” ಎಂದರು ನನ್ನನ್ನು ಕೊಳ್ಳಲು ಬಂದಿದ್ದ ತನಿಯಪ್ಪ.

ತನಿಯಪ್ಪನದು ನೆಲ ಕೊರೆಯುವ ಕೆಲಸ. ದೊಡ್ಡ ಕಟ್ಟಡ ಕಟ್ಟುವ ಮೊದಲು ಆ ಜಾಗದ ನೆಲವನ್ನು ನಾಲ್ಕಾರು ಕಡೆ ಕೊರೆದು ನೋಡುತ್ತಾರೆ. ಯಂತ್ರದ ಕೊಳವೆಯೊಳಗೆ ಸಿಕ್ಕಿಕೊಂಡು ಬರುವ ಕಲ್ಲಿನ ಕೋಲುಗಳನ್ನು, ಬಂದ ಕ್ರಮ ತಪ್ಪದಂತೆ, ನನ್ನಂಥ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಒಂದು ಸಾಲು ಎಂದರೆ ಒಂದು ಮೀಟರ್ ಆಳ. ಪುಸ್ತಕ ಓದಿದ ಹಾಗೆ ನನ್ನನ್ನು ಎಡದಿಂದ ಬಲಕ್ಕೆ ಓದಿಕೊಂಡು ಹೋದರೆ, ನೆಲದೊಳಗೆ ಇಳಿದು ಬಂದಂತೆ.

ನನ್ನ ಜೊತೆ ಆಚಾರಿಯವರು ಎರಡು ಮರದ ತುಂಡುಗಳನ್ನೂ ಕೊಟ್ಟರು. ಕೆಲವು ಕಡೆ ಮಣ್ಣು ಎಷ್ಟು ಮೆತ್ತಗಿರುತ್ತದೆ ಎಂದರೆ, ಕೊರೆಯುವಾಗ ಬಿಡುವ ನೀರಿನಲ್ಲಿಯೇ ತೊಳೆದು ಹೋಗುತ್ತದೆ. ಕೊಳವೆ ಬರಿದಾಗಿ ಮೇಲೆ ಬರುತ್ತದೆ. ಆಗ ಅಷ್ಟು ಜಾಗವನ್ನು ಖಾಲಿ ಬಿಟ್ಟು, ಅಂಚಿಗೆ ಮರದ ತುಂಡು ಇಟ್ಟು, ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ಬಂದಿಲ್ಲ’ ಎಂದು ಬರೆಯಬೇಕು. ಅದು ಈ ಕೆಲಸದ ನೇಮ.

“ಕಲ್ಲು ಇರುವ ಸಾಲನ್ನು ಯಾರು ಬೇಕಾದ್ರೂ ಓದ್ತಾರೆ ಆಚಾರ್ರೆ,” ಎಂದರು ತನಿಯಪ್ಪ ನನ್ನನ್ನು ಹೆಗಲಿಗೇರಿಸುತ್ತ. “ಖಾಲಿ ಸಾಲು ಓದ್ಲಿಕ್ಕೆ ಗೊತ್ತಿರ್ಬೇಕು. ಅಪಾಯ ಇರುದೇ ಅಲ್ಲಿ.”

ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಒಳ್ಳೆಯ ಯಜಮಾನ ಸಿಕ್ಕಿದ ಎಂದುಕೊಂಡೆ.

ನನ್ನ ಮೊದಲ ಕೆಲಸ ಬಸ್ ನಿಲ್ದಾಣದ ಹಿಂದಿನ ಒಂದು ಜಾಗದಲ್ಲಿ. ಅಲ್ಲಿ ನನ್ನ ಒಂದೂವರೆ ಸಾಲು ಖಾಲಿ ಉಳಿಯಿತು. ತನಿಯಪ್ಪ ನೇಮದಂತೆ ಮರದ ತುಂಡು ಇಟ್ಟರು, ಕೆಂಪಕ್ಷರ ಬರೆದರು. ಮರುದಿನ ಜಾಗದ ಧಣಿಗಳು ನಾಲ್ಕು ಜನ ನೆಂಟರನ್ನು ಕರೆದುಕೊಂಡು ನೋಡಲು ಬಂದರು. ನನ್ನ ಮುಚ್ಚಳ ತೆಗೆದು ಧಣಿಗಳು ಮೂಗು ಮುರಿದರು.

“ಇದೆಂತ ಹಲ್ಲು ಉದುರಿದ ಬಾಯಿಯ ಹಾಗೆ ಉಂಟು? ಇವನಿಗೆ ಕೊರೀಲಿಕ್ಕೆ ಬರುದಿಲ್ವಾ?”

ಧಣಿಗಳ ಮ್ಯಾನೇಜರು ಎಲ್ಲರೆದುರೇ ತನಿಯಪ್ಪನನ್ನು ಬೈದರು. ಇಪ್ಪತ್ತಾರು ವರ್ಷ ನೆಲ ಕೊರೆದ ಮನುಷ್ಯ ತಲೆ ತಗ್ಗಿಸಿ, ಕೈಯಲ್ಲಿದ್ದ ಕೆಂಪು ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡರು. ಆ ಅವಮಾನ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಅದು ಮುಗಿದಿರಲಿಲ್ಲ.

ಆ ಜಾಗದ ಕೆಲಸ ಯಾಕೋ ನಿಂತುಹೋಯಿತು. ನನ್ನೊಳಗಿನ ಕಲ್ಲುಗಳನ್ನು ಸುರಿದು, ನನ್ನನ್ನು ತೊಳೆದು ಒಣಗಿಸಿ, ಹಳೆ ಟಾಕೀಸು ರಸ್ತೆಯಲ್ಲಿದ್ದ ಅದೇ ಧಣಿಗಳ ಇನ್ನೊಂದು ಜಾಗಕ್ಕೆ ತಂದರು.

ಊರಿನ ನಡುಮಧ್ಯದ ರಸ್ತೆ ಅದು. ಹತ್ತು ವರ್ಷದ ಹಿಂದೆ ಅಲ್ಲಿ ಹಂಚಿನ ಮನೆಗಳು, ಮಾವಿನ ಮರಗಳು ಇದ್ದವಂತೆ. ನಾನು ಬರುವ ಹೊತ್ತಿಗೆ ಎರಡೂ ಕಡೆ ಗಾಜಿನ ಗೋಪುರಗಳು ಎದ್ದು ನಿಂತು, ಮಧ್ಯಾಹ್ನ ಹನ್ನೆರಡಕ್ಕೆ ಬಿಟ್ಟರೆ ಉಳಿದ ಹೊತ್ತು ರಸ್ತೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಮುಂದಿನ ಗೋಪುರ ಎಲ್ಲಿ, ಎಷ್ಟು ಮಹಡಿ ಎಂದು ಮೊದಲೇ ಹೇಳುವುದು ಆ ರಸ್ತೆಯವರಿಗೆ ದೊಡ್ಡ ಚಟ. ಕ್ಷೌರದಂಗಡಿಯ ವಿಠಲಣ್ಣ ಅದರಲ್ಲಿ ಪಂಡಿತರು. ಗಿರಾಕಿಯ ಗಲ್ಲ ಹಿಡಿದುಕೊಂಡೇ ಭವಿಷ್ಯ ಹೇಳುತ್ತಿದ್ದರು.

“ಮೊದ್ಲು ಮರದ ಗೆಲ್ಲು ಕಡೀತಾರೆ. ಆಮೇಲೆ ಸುತ್ತ ತಗಡು. ತಗಡಿನ ಒಳಗೆ ತನಿಯಪ್ಪ ಕಂಡನಾ, ಮುಗೀತು. ಎರಡು ವರ್ಷದಲ್ಲಿ ಆಕಾಶ ನೋಡ್ಲಿಕ್ಕೆ ಕುತ್ತಿಗೆ ಎತ್ಬೇಕು. ಏ, ಅಲ್ಲಾಡ್ಬೇಡಿ ಮಾರಾಯ್ರೆ, ಕಿವಿ ಹೋದೀತು!”

ತನಿಯಪ್ಪ ಚಹಾಕ್ಕೆ ಬಂದರೆ ಸಾಕು, ಎಲ್ಲರೂ ಮುತ್ತಿಕೊಳ್ಳುತ್ತಿದ್ದರು. ತಾನು ಎಷ್ಟು ಆಳ ಕೊರೆದೆ, ಎಷ್ಟು ಪೆಟ್ಟಿಗೆ ತುಂಬಿತು ಎಂದು ನೋಡಿ ತನಿಯಪ್ಪ ಮಹಡಿಯ ಲೆಕ್ಕ ಹೇಳುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ.

“ಈ ಸಲ ಎಷ್ಟು ತನಿಯಪ್ಪಣ್ಣ?”

“ಮೂವತ್ತೆರಡು.”

“ಮೂವತ್ತೆರಡಾ! ಹಾಗಾದ್ರೆ ಮೇಲೆ ಹೋದವ್ರು ಕೂದಲು ತೆಗೀಲಿಕ್ಕೆ ಕೆಳಗೆ ಬರ್ಲಿಕ್ಕುಂಟಾ, ಇಲ್ಲ ನಾನೇ ಹೋಗ್ಬೇಕಾ?”

ಎಲ್ಲರೂ ನಗುತ್ತಿದ್ದರು. ತನಿಯಪ್ಪನೂ ನಗುತ್ತಿದ್ದರು. ಬಸ್ ನಿಲ್ದಾಣದ ಹಿಂದೆ ತಲೆ ತಗ್ಗಿಸಿದ ಮನುಷ್ಯ ಇಲ್ಲಿ ಎದೆಯುಬ್ಬಿಸಿ ಕೂರುತ್ತಿದ್ದರು.

ಕೊರೆಯುವ ಜಾಗದ ಗೋಡೆಗೆ ತಾಗಿಯೇ ಜುಲಿಯಾನ ಬಾಯಮ್ಮನ ಮನೆ. ಆ ರಸ್ತೆಯ ಲಾಡ್ಜುಗಳ ಹಾಸುಬಟ್ಟೆ, ಇಗರ್ಜಿಯ ಪೀಠದ ವಸ್ತ್ರ, ಮದುವೆ ಮನೆಗಳ ಮೇಜುಬಟ್ಟೆ ಎಲ್ಲ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಡುವುದು ಅವರ ಕೆಲಸ. ಅಂಗಳದಲ್ಲಿ ಬಾವಿ. ಅವರ ಗಂಡ ಲಾರೆನ್ಸ್ ಗಾರೆ ಕೆಲಸದವರಾಗಿದ್ದರು. ಆ ಬಾವಿಯ ಸುತ್ತು ಕಲ್ಲನ್ನು ಒಂದೊಂದಾಗಿ ತಮ್ಮ ಕೈಯಿಂದಲೇ ಕಟ್ಟಿದ್ದರು. ಗಂಡ ಹೋಗಿ ಒಂಬತ್ತು ವರ್ಷ. ಬಾವಿ ಇತ್ತು, ಅದರಿಂದ ಮನೆ ನಡೆಯುತ್ತಿತ್ತು.

ನೆಲ ಕೊರೆಯಲು ನೀರು ಬೇಕು. ತನಿಯಪ್ಪ ಗೋಡೆಯಾಚೆಯಿಂದ ಕೇಳಿದಾಗ ಬಾಯಮ್ಮ ಬೇಡವೆನ್ನಲಿಲ್ಲ. ಅವರ ಬಾವಿಯ ನೀರನ್ನೇ ಕೊಳವೆಯಲ್ಲಿ ತಂದು ಪಕ್ಕದ ನೆಲವನ್ನು ಕೊರೆದರು. ಹನ್ನೊಂದು ಗಂಟೆಗೆ ಅವರು ಗೋಡೆಯ ಮೇಲೆ ಒಂದು ಲೋಟ ಚಹಾವನ್ನೂ ಇಡುತ್ತಿದ್ದರು.

ಒಂದು ದಿನ ಆ ಲೋಟ ಇಡುತ್ತ ಅವರು ಕೇಳಿದರು. “ತನಿಯಪ್ಪಣ್ಣ, ಮೇಲೆ ಎಷ್ಟು, ಮೇಲೆ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಕೆಳಗೆ ಎಷ್ಟು ಅಗೀತಾರೆ?”

“ಮೂರು ಮಾಳಿಗೆ ನೆಲದೊಳಗೆ. ಕಾರು ನಿಲ್ಲಿಸ್ಲಿಕ್ಕೆ.”

“ಆಗ ನನ್ನ ಬಾವಿಗೆ ಎಂತ ಆಗ್ತದೆ?”

ಆ ರಸ್ತೆಯಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ತನಿಯಪ್ಪ ಚಹಾ ಕುಡಿದು ಲೋಟ ಕೆಳಗಿಟ್ಟರು. “ನಾಳೆ ನಿಮ್ಮ ಮೂಲೆಯಲ್ಲೇ ಕೊರೀಲಿಕ್ಕುಂಟು ಬಾಯಮ್ಮ. ನೋಡಿ ಹೇಳ್ತೇನೆ.”

ಮರುದಿನ ಆ ಮೂಲೆಗೆ ನನ್ನನ್ನು ತಂದರು. ಐದರಿಂದ ಹತ್ತು ಮೀಟರ್ ಆಳ ನನ್ನ ಪಾಲಿಗೆ ಬಂತು. ಮೊದಲ ಎರಡು ಸಾಲಿಗೆ ಗಟ್ಟಿಯಾದ ಕೆಂಪು ಕಲ್ಲು ಬಂತು. ಆಮೇಲೆ ಯಂತ್ರದ ಸದ್ದು ಬದಲಾಯಿತು. ತೂತಿನ ಬಾಯಿಂದ ನೀರು ಹಾಲಿನಂತೆ ಬೆಳ್ಳಗೆ ಉಕ್ಕಿತು. ಅದು ಶೇಡಿಮಣ್ಣು. ಒಣಗಿದಾಗ ಗೋಡೆಗೆ ಬಳಿಯುವಷ್ಟು ಚಂದ. ಒದ್ದೆಯಾದರೆ ದೋಸೆ ಹಿಟ್ಟಿನ ಹಾಗೆ ಹರಿದುಹೋಗುವ ಮಣ್ಣು. ಬದಿಯ ಆಧಾರ ತೆಗೆದರೆ ಅದು ನಿಲ್ಲುವುದಿಲ್ಲ. ತನಿಯಪ್ಪ ಎರಡು ಸಲ ಕೊಳವೆ ಎತ್ತಿದರು. ಎರಡು ಸಲವೂ ಬರಿದು. ನನ್ನ ಮೂರನೆಯ ಸಾಲು, ನಾಲ್ಕನೆಯ ಸಾಲು ಖಾಲಿ ಉಳಿದವು.

ಅವರು ಮರದ ತುಂಡು ಇಟ್ಟು ಕೆಂಪು ಪೆನ್ಸಿಲ್ ತೆಗೆದದ್ದು ನನಗೆ ನೆನಪಿದೆ. ‘ಬಂ’ ಎಂದು ಬರೆದಿದ್ದರು. ಅಷ್ಟರಲ್ಲಿ ಮ್ಯಾನೇಜರ ಫೋನು ಬಂತು. “ಮಧ್ಯಾಹ್ನ ಧಣಿಗಳು ಬರ್ತಾರೆ, ಫೋಟೋ ತೆಗೀಲಿಕ್ಕುಂಟು. ಹೋದ ಸಲದ ಹಾಗೆ ಮರ್ಯಾದೆ ತೆಗೀಬೇಡ ಮಾರಾಯ.”

ತನಿಯಪ್ಪ ಅರ್ಧ ಬರೆದ ಮರದ ತುಂಡನ್ನು ಮಗುಚಿ ನನ್ನ ಮೂಲೆಗೆ ತಳ್ಳಿ, ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡರು. ಆಮೇಲೆ ಎದ್ದು, ಜಾಗದ ಆಚೆ ತುದಿಯಲ್ಲಿ ಕೊರೆದಿದ್ದ ಬೇರೆ ತೂತಿನ ಪೆಟ್ಟಿಗೆಯಿಂದ ಕೆಂಪು ಕಲ್ಲಿನ ಕೋಲುಗಳನ್ನು ತಂದು ನನ್ನ ಮೂರನೆಯ, ನಾಲ್ಕನೆಯ ಸಾಲುಗಳಲ್ಲಿ ಜೋಡಿಸಿದರು. ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಜೋಡಿಸಿದರು. ದಿನದ ಹಾಳೆಯಲ್ಲಿಯೂ ‘ಗಟ್ಟಿ ಕಲ್ಲು’ ಎಂದೇ ಬರೆದರು. ಜೊತೆಗಿದ್ದ ಕೆಲಸದವನು ಕಣ್ಣರಳಿಸಿದಾಗ ಹೇಳಿದ್ದು ಇಷ್ಟೇ: “ಖಾಲಿ ಬಿಟ್ರೆ ಚಂದ ಕಾಣುದಿಲ್ಲ.”

ಧಣಿಗಳಿಗೆ ಸಂತೋಷವಾಯಿತು. ನನ್ನ ಫೋಟೋ ತೆಗೆದರು. ಸಂಜೆ ಬಾಯಮ್ಮ ಗೋಡೆಯ ಬಳಿ ಬಂದು ಕಾದು ನಿಂತಿದ್ದರು.

“ನೋಡಿದ್ರಾ?”

“ಹೆದರ್ಬೇಡಿ ಬಾಯಮ್ಮ,” ಎಂದರು ತನಿಯಪ್ಪ, ಅವರ ಮುಖ ನೋಡದೆ. “ಕೆಳಗೆ ಕಲ್ಲೇ ಉಂಟು.”

ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡು ಬಟ್ಟೆ ಎತ್ತಲು ಹೋದರು. ನಾನು ಬರಿ ಮರ. ಅವರ ಹಿಂದೆ ಕೂಗಲು ನನ್ನಿಂದಾಗಲಿಲ್ಲ.

ಆಮೇಲೆ ನಡೆದದ್ದಕ್ಕೆ ಭವಿಷ್ಯ ಹೇಳುವವರು ಬೇಕಾಗಿರಲಿಲ್ಲ. ಕಲ್ಲಿನ ನೆಲ ಎಂದುಕೊಂಡು ಆ ಮೂಲೆಯನ್ನು ಗೋಡೆಯ ಹಾಗೆ ನೇರವಾಗಿ ಕತ್ತರಿಸಿ ಅಗೆದರು; ಬದಿಗೆ ಯಾವ ಆಧಾರವನ್ನೂ ಕೊಡಲಿಲ್ಲ. ಮೊದಲ ಮಳೆಗೆ ಬಾಯಮ್ಮನ ಬಾವಿಯ ನೀರು ಬೆಳ್ಳಗಾಯಿತು. ಒಗೆದ ಹಾಸುಬಟ್ಟೆಗಳು ಒಣಗಿದಾಗ ಸುಣ್ಣ ಬಳಿದಂತೆ ಪುಡಿ ಉದುರಿಸಿದವು. ಲಾಡ್ಜಿನವರು ಬಟ್ಟೆ ವಾಪಸು ಕಳಿಸಿದರು. ಬಾಯಮ್ಮ ಮತ್ತೆ ಒಗೆದರು, ಮತ್ತೆ ಪುಡಿ. ಕೊನೆಗೆ ಒಂದು ಬಕೆಟು ನೀರು ಹೊತ್ತುಕೊಂಡು ಕಟ್ಟಡದ ಕಚೇರಿಗೆ ಬಂದರು.

“ನೋಡಿ ಸಾರ್, ಇದು ನೀರಾ? ನಿಮ್ಮ ಗುಂಡಿಯಿಂದಲೇ ಆದದ್ದು.”

ಮ್ಯಾನೇಜರು ಬೈಯಲಿಲ್ಲ, ಗದರಲಿಲ್ಲ. ಎದ್ದು ಬಂದು, ಮೂಲೆಯಲ್ಲಿ ಪೇರಿಸಿಟ್ಟಿದ್ದ ಪೆಟ್ಟಿಗೆಗಳಿಂದ ನನ್ನನ್ನು ಆರಿಸಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು.

“ಇದು ನಿಮ್ಮ ಬಾವಿಯ ಪಕ್ಕದ್ದೇ ಅಮ್ಮ. ನೀವೇ ನೋಡಿ. ಪೂರ್ತಿ ಕಲ್ಲು. ಕಲ್ಲು ಎಲ್ಲಿಯಾದ್ರೂ ಕರಗ್ತದಾ? ನಿಮ್ಮ ಬಾವಿ ಹಳೇದು. ಕಟ್ಟಿದವರು ಸರಿ ಕಟ್ಲಿಲ್ಲ.”

ಬಾಯಮ್ಮ ಕೈ ಒರೆಸಿಕೊಂಡು ನನ್ನ ಮೂರನೆಯ ಸಾಲನ್ನು ಮುಟ್ಟಿದರು. ಇಪ್ಪತ್ತು ವರ್ಷ ಸಾಬೂನು ಉಜ್ಜಿದ ಆ ಬೆರಳುಗಳು ಸುಳ್ಳು ಕಲ್ಲಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹರಿದವು. ನನ್ನ ಬಾಳಿನಲ್ಲಿ ಅಂಥ ನಾಚಿಕೆ ಇನ್ನೊಂದಿಲ್ಲ. ಸಾಕ್ಷಿ ಹೇಳಲೆಂದೇ ನನ್ನನ್ನು ಮಾಡಿದ್ದರು. ನಾನು ಹೇಳಿದ ಒಂದೇ ಒಂದು ಸಾಕ್ಷಿ ಅದು.

“ಕಲ್ಲೇ ಹೌದು,” ಎಂದರು ಅವರು ಮೆಲ್ಲಗೆ. “ಹಾಗಾದ್ರೆ ನಮ್ಮವರದ್ದೇ ತಪ್ಪು ಕಾಣ್ತದೆ.” ಬಕೆಟು ಎತ್ತಿಕೊಂಡು ಹೊರಟರು. ಬಾಗಿಲ ಬಳಿ ನೆಲಕ್ಕೆ ಚೆಲ್ಲಿದ ಬಿಳಿ ನೀರನ್ನು ಸೆರಗಿನಿಂದ ಒರೆಸಿಯೇ ಹೋದರು.

ಜುಲೈ ತಿಂಗಳ ಒಂದು ಮಧ್ಯಾಹ್ನ ಬಾವಿ ಕುಸಿಯಿತು. ಲಾರೆನ್ಸ್ ಕಟ್ಟಿದ ಸುತ್ತುಗಲ್ಲು ಒಂದೂ ಒಡೆದಿರಲಿಲ್ಲವಂತೆ. ಬಳೆಯ ಹಾಗೆ ಇಡಿಯಾಗಿ ಕೆಳಗೆ ಇಳಿಯಿತಂತೆ. ಅದರ ಅಡಿಯ ಮಣ್ಣೇ ಹೋಗಿತ್ತು. ಆದರೆ ಅದನ್ನು ಓದಬಲ್ಲವರು ಯಾರೂ ಅಲ್ಲಿರಲಿಲ್ಲ. ತನಿಯಪ್ಪ ಆಗ ಬೇರೆ ರಸ್ತೆಯಲ್ಲಿ ಕೊರೆಯುತ್ತಿದ್ದರು. ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತು. ಬಾಯಮ್ಮ ಆ ಮನೆ ಬಿಟ್ಟು, ವಿಠಲಣ್ಣನ ಅಂಗಡಿಯ ಹಿಂದಿನ ಒಂದು ಕೋಣೆಗೆ ಬಂದರು. ಒಗೆಯಲು ನೀರಿಲ್ಲ. ಬೇರೆಯವರು ಒಗೆದು ತಂದ ಬಟ್ಟೆಗೆ ಇಸ್ತ್ರಿ ಹಾಕುವುದಷ್ಟೇ ಉಳಿಯಿತು.

ಗೋಪುರ ಎದ್ದಿತು. ರಸ್ತೆಯವರು ಕುತ್ತಿಗೆ ಎತ್ತಿ ಎಣಿಸಿದರು. ಸರಿಯಾಗಿ ಮೂವತ್ತೆರಡು. “ನಮ್ಮ ತನಿಯಪ್ಪಣ್ಣ ಹೇಳಿದ್ದು ತಪ್ಪುದುಂಟಾ!” ಎಂದು ವಿಠಲಣ್ಣ ಎಲ್ಲರಿಗೂ ಚಹಾ ಕೊಡಿಸಿದರು.

ಕೆಲಸ ಮುಗಿದ ಮೇಲೆ ಪೆಟ್ಟಿಗೆಗಳನ್ನು ಗುಜರಿಯ ರಾಶಿಯ ಪಕ್ಕ ಎಸೆದರು. ದಾರಿಯಲ್ಲಿ ಹೋಗುತ್ತಿದ್ದ ಬಾಯಮ್ಮ, ಸಾಲುಸಾಲಿನ ಪೆಟ್ಟಿಗೆ ಉಪಯೋಗಕ್ಕೆ ಬಂದೀತೆಂದು ಕಾವಲುಗಾರನನ್ನು ಕೇಳಿ ನನ್ನನ್ನು ಹೊತ್ತು ತಂದರು. ಒಂದು ಸಾಲಿಗೆ ಗುಂಡಿಗಳು, ಒಂದಕ್ಕೆ ನೂಲಿನ ಉಂಡೆ, ಒಂದಕ್ಕೆ ಗಂಜಿಯ ಪೊಟ್ಟಣ. ಮೂರನೆಯ ಸಾಲಿಗೆ ಬಟ್ಟೆ ಸಿಕ್ಕಿಸುವ ಕ್ಲಿಪ್ಪುಗಳು. ಈಗ ಬಟ್ಟೆ ಒಣಗಿಸುವ ಹಗ್ಗವೇ ಇಲ್ಲ, ಆದರೂ ಅವನ್ನು ಬಿಸಾಡಲು ಅವರಿಗೆ ಮನಸ್ಸು ಬರಲಿಲ್ಲ. ನನ್ನೊಳಗಿದ್ದ ಆ ಕೆಂಪು ಕಲ್ಲುಗಳಲ್ಲಿ ಎರಡನ್ನು ಇಸ್ತ್ರಿ ಮೇಜಿನ ಗಿಡ್ಡ ಕಾಲಿಗೆ ಆನಿಸಿದ್ದಾರೆ.

ಕಳೆದ ವಾರ ತನಿಯಪ್ಪ ಬಂದರು. ಕೂದಲು ನೆರೆತಿತ್ತು. ಅಂಗಡಿಯಲ್ಲಿ ವಿಠಲಣ್ಣ “ಮುಂದಿನದು ಎಲ್ಲಿ?” ಎಂದು ಕೂಗಿದರೂ ನಿಲ್ಲದೆ, ನೇರ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

“ಬಾಯಮ್ಮ, ಆ ಬಾವಿಯದ್ದು ಒಂದು ಮಾತು ಉಂಟು…”

“ಅದು ಬಿಡಿ ತನಿಯಪ್ಪಣ್ಣ. ನೀವು ಮೊದ್ಲೇ ಹೇಳಿದ್ರಿ ಕಲ್ಲುಂಟು ಅಂತ. ನಮ್ಮವರೇ ಸರಿ ಕಟ್ಲಿಲ್ಲ. ಸತ್ತವರನ್ನು ಎಂತ ಬೈಯುದು? ಕೂತ್ಕೊಳ್ಳಿ, ಚಹಾ ಮಾಡ್ತೇನೆ.”

ಅವರು ಒಲೆಯ ಕಡೆ ತಿರುಗಿದಾಗ ತನಿಯಪ್ಪನ ಕಣ್ಣು ನನ್ನ ಮೇಲೆ ಬಿತ್ತು. ಮುಚ್ಚಳದ ಮೇಲೆ ತೂತಿನ ನಂಬರು, ಆಳ ಬರೆದ ಅಕ್ಷರ ಅವರದೇ. ಅವರು ನೆಲಕ್ಕೆ ಕೂತು, ನನ್ನ ಮೂರನೆಯ ಸಾಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಕೆಳಗಿಟ್ಟರು. ಆಚಾರಿಯವರು ಕೊಟ್ಟ ಮರದ ತುಂಡೊಂದು ನನ್ನ ಮೂಲೆಯಲ್ಲಿ ಇನ್ನೂ ಇತ್ತು. ಅದರ ಮೇಲೆ ಅರ್ಧ ಅಳಿಸಿದ ಕೆಂಪು ‘ಬಂ’. ಅದನ್ನು ಖಾಲಿ ಸಾಲಿನ ಅಂಚಿಗೆ ಇಟ್ಟರು. ಈಗ ಹೇಳುತ್ತಾರೆ ಎಂದು ನಾನು ಕಾದೆ.

ಬಾಯಮ್ಮ ಚಹಾ ತಂದರು. ನನ್ನನ್ನು ನೋಡಿದರು. “ಅಯ್ಯೋ, ಅದೆಂತಕ್ಕೆ ತೆಗೆದ್ರಿ?” ಎಂದು ನಕ್ಕು, ಲೋಟ ಅವರ ಕೈಗೆ ಕೊಟ್ಟು, ಬಗ್ಗಿ ಕ್ಲಿಪ್ಪುಗಳನ್ನು ಮತ್ತೆ ತುಂಬಿದರು. “ಖಾಲಿ ಬಿಟ್ರೆ ಚಂದ ಕಾಣುದಿಲ್ಲ.”

ತನಿಯಪ್ಪ ಚಹಾ ಕುಡಿದರು. ಲೋಟ ತಾವೇ ತೊಳೆದಿಟ್ಟರು. “ಬರ್ತೇನೆ ಬಾಯಮ್ಮ” ಎಂದು ಹೋದರು.

ನಾನೀಗ ಇಸ್ತ್ರಿ ಮೇಜಿನ ಅಡಿಯಲ್ಲಿದ್ದೇನೆ. ನನ್ನ ಒಂದು ಬದಿಗೆ ಗೆದ್ದಲು ಹಿಡಿದಿದೆ. ಮಳೆಗಾಲ ಕಳೆದ ಮೇಲೆ ಒಲೆಗೆ ಹೋಗುತ್ತೇನೋ ಏನೋ, ಅದರ ಬೇಸರವಿಲ್ಲ. ಹೊರಗೆ ಅಂಗಡಿಯಲ್ಲಿ ಮುಂದಿನ ಗೋಪುರ ಎಷ್ಟು ಮಹಡಿ ಎಂದು ವಾದ ನಡೆಯುವುದು ದಿನವೂ ಕೇಳಿಸುತ್ತದೆ. ನಲವತ್ತು ಅನ್ನುತ್ತಾರೆ, ಐವತ್ತು ಅನ್ನುತ್ತಾರೆ. ಅವರ ಎಣಿಕೆ ಸರಿಯಾಗಿಯೇ ಇರುತ್ತದೆ. ಒಳಗೆ ಬಾಯಮ್ಮ ಗೋಡೆಯ ಮೇಲಿನ ಗಂಡನ ಫೋಟೋವನ್ನು ಒರೆಸುವುದು ಬಿಟ್ಟು ಬಹಳ ದಿನವಾಯಿತು.