ಬಾಳೇಶನ ಕೈಗುಣ

ಕೃಷ್ಣೆಗೂ ಘಟಪ್ರಭೆಗೂ ನಡುವೆ ಉಸಿರಾಡುವ ಯಾವ ಜೀವವೂ ಬಾಳೇಶನ ಹೆಸರು ಕೇಳದೆ ಇರಲಿಲ್ಲ. ಕೇಳಿಲ್ಲ ಎನ್ನುವವರು ಸರಿಯಾಗಿ ಉಸಿರಾಡುತ್ತಿರಲಿಲ್ಲ ಎಂದೇ ತಿಳಿಯಬೇಕು. ಜಮಖಂಡಿಯ ಒಂದು ಹದಿನಾರು ಹಾಸಿಗೆಯ ದವಾಖಾನೆಯ ಆಪರೇಷನ್ ಥೇಟರಿನಲ್ಲಿ ಅವನ ಕೆಲಸ ನೋಡಿದರೆ ಇಷ್ಟೇ. ಬಾಯಿಯ ಆಪರೇಷನ್ ಇದ್ದಾಗ ರೋಗಿಯ ಮೂಗಿನಿಂದ ಶ್ವಾಸನಾಳಕ್ಕೆ ಒಂದು ಪ್ಲಾಸ್ಟಿಕ್ ಟ್ಯೂಬು ಇಳಿಸುತ್ತಾರೆ. ಆ ಟ್ಯೂಬನ್ನು ಇಳಿಸುವ ಮೊದಲು ಬೆಚ್ಚಗಿನ ಸಲೈನಿನಲ್ಲಿ ಮುಳುಗಿಸಿ ಮೆತ್ತಗೆ ಮಾಡಿಕೊಡಬೇಕು. ತಣ್ಣಗಿನ ಟ್ಯೂಬು ಬಿರುಸಾಗಿರುತ್ತದೆ, ಮೂಗಿನ ಒಳಗೆ ಗೀರಿ ರಕ್ತ ತರುತ್ತದೆ. ಹೆಚ್ಚು ಕಾಸಿದ್ದು ಜೋತುಬಿದ್ದು ಅರ್ಧ ದಾರಿಯಲ್ಲೇ ಮಡಚಿಕೊಳ್ಳುತ್ತದೆ. ಇವೆರಡರ ನಡುವಿನ ಹದ ಗೊತ್ತಿದ್ದದ್ದು ದೇವರಿಗೆ ಮತ್ತು ತನಗೆ ಮಾತ್ರ, ಅದರಲ್ಲೂ ದೇವರಿಗೆ ವಯಸ್ಸಾಯಿತು ಎಂದು ಬಾಳೇಶನೇ ಹೇಳುತ್ತಿದ್ದ.

ಹನ್ನೊಂದು ವರ್ಷ, ಸಾವಿರಾರು ಮೂಗು, ಒಂದು ಹನಿ ರಕ್ತವಿಲ್ಲ. ಆ ಸಾವಿರದಲ್ಲಿ ನೂರೋ ಇನ್ನೂರೋ ಖರೆ ಇದ್ದಾವು, ಆದರೆ ಒಂದು ಹನಿ ರಕ್ತವಿಲ್ಲ ಎನ್ನುವುದು ಮಾತ್ರ ಪೂರಾ ಖರೆ. ಅರಿವಳಿಕೆಯ ಡಾಕ್ಟರ್ ಗೌರೀಶ ಅವನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮುಧೋಳಕ್ಕೆ, ಬೀಳಗಿಗೆ, ಬನಹಟ್ಟಿಗೆ ಕರೆದೊಯ್ಯುತ್ತಿದ್ದರು. ದವಾಖಾನೆಯ ಎದುರಿನ ಹೋಟೆಲಿನ ಶಿದ್ರಾಮಪ್ಪ ಬಂದ ಗಿರಾಕಿಗಳಿಗೆಲ್ಲ, “ಆಂವಂದು ಕೈಗುಣ ರೀ, ಕಲಿತ್ರ ಬರೂದಲ್ಲ” ಎನ್ನುತ್ತಿದ್ದ. ಬಾಳೇಶ ಇಲ್ಲವೆನ್ನಲಿಲ್ಲ, ಮೇಲೊಂದಿಷ್ಟು ಸೇರಿಸಿದ. ತನ್ನ ಅಜ್ಜ ಮುಧೋಳದ ಅರಮನೆಯಲ್ಲಿ ಬೇಟೆನಾಯಿಗಳ ವೈದ್ಯನಾಗಿದ್ದನೆಂದೂ, ಉಸಿರು ಕಟ್ಟಿದ ನಾಯಿಗೆ ಬಿದಿರಿನ ನಳಿಗೆಯನ್ನು ಕಾಸಿ ಇಳಿಸಿದಾಗ ಅದು ಎದ್ದು ಅರಸರ ಕಾಲು ನೆಕ್ಕಿತೆಂದೂ, ಆ ವಿದ್ಯೆ ಮಗನನ್ನು ಬಿಟ್ಟು ಮೊಮ್ಮಗನಿಗೆ ಬಂತೆಂದೂ ಹೇಳಿದ. ಅವನ ಅಜ್ಜ ಮುಧೋಳವನ್ನು ನೋಡಿದ್ದು ಒಂದೇ ಸಲ, ಅದೂ ಬಸ್ಸು ಕೆಟ್ಟು ನಿಂತಾಗ.

ಕೈಗುಣಕ್ಕೆ ತಕ್ಕ ಆಟವನ್ನೂ ಬಾಳೇಶ ಕಟ್ಟಿಕೊಂಡಿದ್ದ. ಥೇಟರಿನಲ್ಲಿ ಕಬ್ಬಿಣದ ಬಳೆಯುಳ್ಳ ಒಂದು ಸ್ಟ್ಯಾಂಡು, ಆ ಬಳೆಯಲ್ಲಿ ಕೂತ ಸ್ಟೀಲಿನ ಬೋಗುಣಿ. ಬೋಗುಣಿಯಲ್ಲಿ ಸಲೈನು ಸುರಿದು ಪೂರ್ವಕ್ಕೆ ಮುಖ ಮಾಡುತ್ತಿದ್ದ. ಕಣ್ಣು ಮುಚ್ಚಿ, ಮಾಸ್ಕಿನೊಳಗೆ ತುಟಿ ಅಲುಗಿಸಿ, ಸೊಂಟ ಬಗ್ಗಿಸಿ ಬೋಗುಣಿಗೆ ನಮಸ್ಕಾರ ಹೊಡೆಯುತ್ತಿದ್ದ. ಕೆಲವೊಮ್ಮೆ ಬಗ್ಗಿದವನು ಹಾಗೆಯೇ ಎದ್ದು ಇನ್ನಷ್ಟು ತಣ್ಣಗಿನ ಸಲೈನು ಸುರಿದು ಮತ್ತೆ ಬಗ್ಗುತ್ತಿದ್ದ. ಆಮೇಲೇ ಟ್ಯೂಬು ನೀರಿಗೆ. ಎಲ್ಲರೂ ನಮಸ್ಕಾರ ನೋಡಿದರು. ಬಗ್ಗಿದಾಗ ಅವನ ಬಲಗೈಯ ಮೊಣಕೈ ಬೋಗುಣಿಯ ಹೊಟ್ಟೆಗೆ ಹೊರಗಿನಿಂದ ಒಂದು ಚಣ ಒತ್ತಿಕೊಳ್ಳುತ್ತಿದ್ದುದನ್ನು ಯಾರೂ ನೋಡಲಿಲ್ಲ.

ಗುಟ್ಟೆಲ್ಲ ಆ ಮೊಣಕೈಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಊರು ನುಂಗಿದ ವರ್ಷ ಜಮಖಂಡಿಗೆ ಬಂದ ಅವನ ತಾಯಿ ಮುದಕವ್ವ, ಓಣಿ ಓಣಿ ತಿರುಗಿ ಬಾಣಂತಿಯರ ಹಸಿಗೂಸುಗಳಿಗೆ ಎರೆಯುತ್ತಿದ್ದಳು. ಕೂಸಿಗೆ ನೀರು ಹಾಕುವ ಮೊದಲು ಮೊಣಕೈ ಅದ್ದಿ ನೋಡುವುದು ಆ ಕೆಲಸದ ಮೊದಲ ಪಾಠ. ಅಂಗೈ ಸುಳ್ಳು ಹೇಳುತ್ತದೆ, ಮೊಣಕೈ ಹೇಳುವುದಿಲ್ಲ. ಮೊದಲ ವರ್ಷ ಒಂದು ಟ್ಯೂಬನ್ನು ಕುದಿನೀರಿನಲ್ಲಿ ಕೆಡಿಸಿ ಬೈಸಿಕೊಂಡ ಬಾಳೇಶನಿಗೆ ಅದು ನೆನಪಾಯಿತು, ಕೆಲಸ ಕೊಟ್ಟಿತು. ಆದರೆ ಕೂಸಿಗೆ ಎರೆಯುವ ಹೆಂಗಸಿನ ವಿದ್ಯೆ ತನ್ನದೆಂದು ಹೇಳಿಕೊಂಡರೆ ಕಾರಿನ ಮುಂದಿನ ಸೀಟು ಉಳಿದೀತೆ? ಅದಕ್ಕೇ ಅಜ್ಜ, ಅದಕ್ಕೇ ನಾಯಿ.

ಮಾತಿನಲ್ಲಿ ಅವನ ಬಾಯಿ ಆಲಮಟ್ಟಿಯ ಇಪ್ಪತ್ತಾರು ಗೇಟನ್ನೂ ಒಮ್ಮೆಗೇ ಎತ್ತಿದ ಹಾಗೆ. ಆದರೆ ಅದೇ ಬಾಯಿಗೆ ದಿನಕ್ಕೆ ಇಪ್ಪತ್ತು ಚೀಟಿ ಗುಟಖಾ ಬೀಳುತ್ತಿತ್ತು. ಗುಟಖಾ ಕೆನ್ನೆಯ ಒಳಚರ್ಮವನ್ನು ಒಣಗಿದ ಚಕ್ಕಳ ಮಾಡಿ ದವಡೆಯನ್ನು ಬಿಗಿಯುತ್ತ ಬಂತು. ಮೊದಲು ಖಡಕ್ ರೊಟ್ಟಿ ಹೋಯಿತು, ಆಮೇಲೆ ಮೆತ್ತನೆಯ ರೊಟ್ಟಿ, ಆಮೇಲೆ ಅನ್ನ. 2008ರ ಹೊತ್ತಿಗೆ ಹಲ್ಲುಗಳ ನಡುವೆ ಕಿರುಬೆರಳೂ ಹೋಗದಾಗಿ ಅಂಬಲಿಯನ್ನು ಸೋರಿಸಿಕೊಂಡು ಬದುಕುತ್ತಿದ್ದ. ತನ್ನ ನಾಲಿಗೆಯನ್ನು ಅವನು ಕನ್ನಡಿಯಲ್ಲಿ ನೋಡಿ ಒಂದು ಯುಗವಾಗಿತ್ತು. ಸುಳ್ಳುಗಳು ಮಾತ್ರ ಆ ಸಂದಿಯಲ್ಲೂ ಸಲೀಸಾಗಿ ಹೊರಬರುತ್ತಿದ್ದವು.

ಬೆಳಗಾವಿಯಿಂದ ಬರುವ ದವಡೆಯ ಡಾಕ್ಟರು ಆಪರೇಷನ್ನಿಗೆ ಒಂದು ರವಿವಾರ ಕೊಟ್ಟರು. ಕೆನ್ನೆಯೊಳಗಿನ ಬಿಗಿತವನ್ನು ಕೊಯ್ದು ಬಾಯಿ ಬಿಡಿಸಬೇಕು. ಬಾಯಿ ತೆರೆಯದವನಿಗೆ ಟ್ಯೂಬು ಮೂಗಿನಿಂದಲೇ ಹೋಗಬೇಕು, ಅದೂ ಎಚ್ಚರವಿದ್ದಾಗಲೇ. ನಿದ್ದೆ ಬರಿಸಿದ ಮೇಲೆ ಟ್ಯೂಬು ಇಳಿಯದಿದ್ದರೆ ಉಸಿರಿಗೆ ಬೇರೆ ಬಾಗಿಲಿಲ್ಲ.

ಹಿಂದಿನ ದಿನ, ಆರು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ ನರ್ಸ್ ಅಕ್ಷತಾ ಕೇಳಿದಳು. “ಬಾಳೇಶಣ್ಣಾ, ನಾಳೆ ನಿಮ್ಮ ಟ್ಯೂಬ್ ನಾನ ಕಾಸಬೇಕಲ್ಲರಿ. ಹದ ಹೆಂಗಂತ ಹೇಳ್ರಿ.”

“ಕೈಗುಣ ಹೇಳಿ ಕೊಡಾಕ ಬರ್ತೈತೇನ ತಂಗಿ. ನನ್ನ ಟ್ಯೂಬ್ ನಾನ ಕಾಸಿಕೊಂಡು ಮಲ್ಕೋತೀನಿ, ನೀ ಸುಮ್ನಿರು.”

“ಪೇಶಂಟು ತನ್ನ ಟ್ಯೂಬ್ ತಾನ ಕಾಸ್ಕೊಂಡಿದ್ದು ಎಲ್ಲ್ಯರ ಕೇಳೀರೇನ್ರಿ?”

“ಎಲ್ಲೂ ಆಗಿಲ್ಲ. ನಾಳೆ ಆಗ್ತೈತಿ.”

ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹಸಿರು ಗೌನು ತೊಟ್ಟ ಬಾಳೇಶ ನೇರ ಬೋಗುಣಿಯ ಸ್ಟ್ಯಾಂಡಿನ ಕಡೆಗೆ ನಡೆದ. ಡಾಕ್ಟರ್ ಗೌರೀಶ ಅವನ ಹೆಗಲು ಹಿಡಿದು ತಿರುಗಿಸಿದರು. “ಲೇ, ಇವತ್ತ ನೀ ಆ ಕಡಿ ಅಲ್ಲ, ಈ ಕಡಿ. ಏರು ಟೇಬಲ್ ಮ್ಯಾಲ.”

“ಸರ, ಒಂದ ನಿಮಿಷ, ನೀರು…”

“ನೀರು ಅಕ್ಷತಾ ನೋಡ್ಕೋತಾಳ. ಪೇಶಂಟ್ ಅದೀ, ಪೇಶಂಟಿನ ಗತೆ ಇರು.”

ಎರಡೂ ಕೈ ಹಲಗೆಗೆ ಬಿಗಿದರು. ಎಡಗೈಗೆ ಸಲೈನು ಹತ್ತಿತು. ಮೂಗಿಗೆ ಹನಿ ಹಾಕಿ, ಗಂಟಲಿಗೆ ಮರಗಟ್ಟಿಸುವ ಔಷಧಿಯ ಹೊಗೆ ಕೊಟ್ಟರು. ಐದು ನಿಮಿಷದಲ್ಲಿ ನಾಲಿಗೆ ಬೇರೆ ಯಾರದೋ ಚಪ್ಪಲಿ ಬಾಯೊಳಗೆ ಬಿಟ್ಟುಹೋದ ಹಾಗೆ ಬಿದ್ದುಕೊಂಡಿತು. ದವಡೆಗೆ ಮೊದಲೇ ಬೀಗ, ಈಗ ಮಾತಿಗೂ ಬೀಗ. ಅಲುಗಿಸಲು ಅವನ ಹತ್ತಿರ ಉಳಿದದ್ದು ಕಣ್ಣುಗುಡ್ಡೆ ಮಾತ್ರ. ಆ ಕಣ್ಣಿನಿಂದ ಅವನು ಕಂಡದ್ದನ್ನು ಶತ್ರುವೂ ಕಾಣಬಾರದು.

ಅಕ್ಷತಾ ಕಾಸಿದ ಸಲೈನನ್ನು ಬೋಗುಣಿಗೆ ಸುರಿದಳು. ಮುಧೋಳದ ಸಕ್ಕರೆ ಕಾರ್ಖಾನೆಯ ಚಿಮಣಿಯೂ ನಾಚುವಂಥ ಹಬೆ ಎದ್ದಿತು. ಅವಳು ಪೂರ್ವಕ್ಕೆ ತಿರುಗಿದಳು. ಕಣ್ಣು ಮುಚ್ಚಿದಳು. ತುಟಿ ಅಲುಗಿಸಿದಳು. ಸೊಂಟ ಬಗ್ಗಿಸಿ, ಬಾಳೇಶನಿಗಿಂತ ಚೆಂದಾಗಿ, ಬೋಗುಣಿಗೆ ನಮಸ್ಕಾರ ಮಾಡಿದಳು. ಮೊಣಕೈ ಮಾತ್ರ ಬೋಗುಣಿಯಿಂದ ಒಂದು ಮಾರು ದೂರದಲ್ಲಿತ್ತು.

ಹನ್ನೊಂದು ವರ್ಷದ ತನ್ನ ಸುಳ್ಳು ಎದುರಿಗೆ ನಿಂತು ತನಗೇ ಶರಣು ಹೊಡೆಯುವುದನ್ನು ಬಾಳೇಶ ಕಟ್ಟಿಹಾಕಿದ ಎತ್ತಿನಂತೆ ನೋಡಿದ. ಇದ್ದ ಶಕ್ತಿಯನ್ನೆಲ್ಲ ಸೇರಿಸಿ “ಮೊಣಕೈ” ಎಂದ. ಮರಗಟ್ಟಿದ ನಾಲಿಗೆ, ಮುಚ್ಚಿದ ಹಲ್ಲು ದಾಟಿ ಹೊರಬಂದದ್ದು, “ಓಂ… ಐ.”

ಅಕ್ಷತಾ ಥಟ್ಟನೆ ನಿಂತಳು. “ಸರ, ಬಾಳೇಶಣ್ಣ ಮಂತ್ರ ಹೇಳಾಕತ್ತಾರ್ರಿ.”

“ಈಗರ ಹೇಳಿದ್ನಲ್ಲ ಮಗ,” ಎಂದರು ಡಾಕ್ಟರ್ ಗೌರೀಶ. “ನೀನೂ ಅನ್ನು ಮತ್ತ.”

“ಓಂ ಐ, ಓಂ ಐ,” ಎನ್ನುತ್ತ ಅಕ್ಷತಾ ಟ್ಯೂಬನ್ನು ಕುದಿಯುವ ನೀರಿಗೆ ಬಿಟ್ಟಳು.

“ಬಿಸಿ” ಎಂದು ಅರಚಿದ ಬಾಳೇಶ. ಅದು “ಈ ಈ” ಎಂದಾಯಿತು.

“ನಗಾಕತ್ತಾನ. ಧೈರ್ಯದಾಂವ,” ಎಂದರು ಡಾಕ್ಟರು.

ಎರಡು ನಿಮಿಷದ ಮೇಲೆ ಚಿಮಟಿಗೆಯಲ್ಲಿ ಎತ್ತಿದ ಟ್ಯೂಬು ಸತ್ತ ಕೇರೆಹಾವಿನ ಹಾಗೆ ಎರಡೂ ಕಡೆ ಜೋತುಬಿತ್ತು. ನಡುವೆ ಚಪ್ಪಟೆಯಾಗಿ ಅಂಟಿಕೊಂಡೂ ಇತ್ತು. ಡಾಕ್ಟರು ಅದನ್ನು ತಿರುವಿ ನೋಡಿದರು. “ಇದೇನ ಟ್ಯೂಬೋ, ಶಾವಗಿಯೋ. ಇನ್ನೊಂದು ತಗಿ.”

“ಈ ಸೈಜಿಂದು ಇನ್ನೊಂದ ಐತ್ರಿ ಸರ. ಅದೂ ಕಡೀದು.”

“ಹಂಗಾರ ಕಾಸೂದ ಬ್ಯಾಡ. ತಣ್ಣಂದ ಹಾಕೂಣು. ಗಂಟಲು ಮರಗಟ್ಟಿದ್ದು ಇನ್ನ ಹತ್ತು ನಿಮಿಷ ಇರ್ತೈತಿ ಅಷ್ಟ.”

ತಣ್ಣಗಿನದು ಎಂದರೆ ಏನೆಂದು ಆ ಕೋಣೆಯಲ್ಲಿ ಬಾಳೇಶನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಿರುಸು ಟ್ಯೂಬು ಮೂಗು ಗೀರುತ್ತದೆ, ರಕ್ತ ಗಂಟಲಿಗೆ ಇಳಿಯುತ್ತದೆ. ಬೇರೆ ರೋಗಿಗಾದರೆ ಬಾಯೊಳಗೆ ಪೈಪು ಹಾಕಿ ರಕ್ತ ಎಳೆಯಬಹುದು. ಇವನ ಬಾಯಿಗೆ ಪೈಪಲ್ಲ, ಪೊರಕೆಕಡ್ಡಿಯೂ ಹೋಗದು. ತನ್ನದೇ ರಕ್ತದಲ್ಲಿ, ತನ್ನದೇ ಮುಚ್ಚಿದ ಬಾಯೊಳಗೆ, ತನ್ನದೇ ಟೇಬಲಿನ ಮೇಲೆ ಮುಳುಗುವುದು.

ಒಂದು ದಾರಿ ಇತ್ತು. ಮಾತು ಬಾರದಿದ್ದರೆ ಮೊಣಕೈ ತೋರಿಸುವುದು. ತೋರಿಸಿದರೆ ಟ್ಯೂಬು ಮೆತ್ತಗಾದೀತು, ಆದರೆ ಅಜ್ಜ ಸತ್ತ, ನಾಯಿ ಸತ್ತಿತು, ಮುಂದಿನ ಸೀಟು ಹೋಯಿತು. ನಾಳೆಯಿಂದ ಶಿದ್ರಾಮಪ್ಪ ಚಹಾ ಕೊಡುವಾಗ “ಕೂಸಿಗೆ ಎರೆಯೂ ಬಾಳವ್ವ ಬಂದ್ಳು” ಎಂದಾನು. ತೋರಿಸದಿದ್ದರೆ ಮೀಸೆ ಉಳಿದೀತು. ಆದರೆ ಮೀಸೆ ಇರುವುದು ಮೂಗಿನ ಕೆಳಗೆ. ಮೂಗೇ ಮುಳುಗಿದ ಮೇಲೆ ಅದು ಎಲ್ಲಿ ತೇಲೀತು? ಬಾಳೇಶ ಈ ನ್ಯಾಯವನ್ನು ನೂರು ವರ್ಷ ವಿಚಾರ ಮಾಡಿದ. ಗೋಡೆಯ ಗಡಿಯಾರದಲ್ಲಿ ಅದು ಅರ್ಧ ನಿಮಿಷ.

ಡಾಕ್ಟರು ತಣ್ಣನೆಯ ಟ್ಯೂಬಿಗೆ ಜೆಲ್ಲಿ ಹಚ್ಚಿ ಅವನ ತಲೆಯ ಹಿಂದೆ ಬಂದು ನಿಂತರು. ಟ್ಯೂಬಿನ ತುದಿ ಮೂಗಿಗೆ ತಾಗಿತು. ಆಗ ಬಾಳೇಶನ ಬಲಮೊಣಕೈ, ಯಜಮಾನನನ್ನು ಕೇಳದೆ, ಹಲಗೆಯ ಮೇಲೆ ಪಟಪಟನೆ ಬಡಿದುಕೊಳ್ಳತೊಡಗಿತು.

“ಕೈ ನೋಯಾಕತ್ತಿರಬೇಕು. ಲಗಮವ್ವ, ಆ ಪಟ್ಟಿ ಸ್ವಲ್ಪ ಸಡ್ಲ ಬಿಡು,” ಎಂದರು ಡಾಕ್ಟರು.

ಥೇಟರಿನ ಆಯಾ ಲಗಮವ್ವ, ಆರು ಮಕ್ಕಳನ್ನೂ ಹದಿನಾಲ್ಕು ಮೊಮ್ಮಕ್ಕಳನ್ನೂ ಎರೆದು ಬೆಳೆಸಿದವಳು, ಪಟ್ಟಿ ಬಿಚ್ಚಿದಳು. ಬಾಳೇಶ ಕೈ ಮೇಲೆತ್ತಿ ಮೊಣಕೈಯನ್ನು ಬೋಗುಣಿಯ ಕಡೆ ಚಾಚಿದ, ಮಡಚಿದ, ಮತ್ತೆ ಚಾಚಿದ. ಆಮೇಲೆ ಅದೇ ಕೈಯನ್ನು ಎದೆಗೆ ತಂದು ಕೂಸನ್ನು ತೂಗುವ ಹಾಗೆ ತೂಗಿದ. ಕಣ್ಣಲ್ಲಿ ನೀರಿತ್ತು.

“ಏನ ಅಂತಾನ ಇಂವ?” ಎಂದರು ಡಾಕ್ಟರು.

“ಅವ್ವನ್ನ ನೆನಸಾಕತ್ತಾರ್ರಿ,” ಎಂದಳು ಅಕ್ಷತಾ.

ಲಗಮವ್ವ ಬಾಳೇಶನ ಮೊಣಕೈ ನೋಡಿದಳು, ಬೋಗುಣಿ ನೋಡಿದಳು, ಮತ್ತೆ ಮೊಣಕೈ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯಲು ನೋಡಿದಳು, ಆಗಲಿಲ್ಲ. “ಅಯ್ಯ ಶಿವನ. ಸಾಹೇಬ್ರ, ಸ್ವಲ್ಪ ನಿಂದರ್ರಿ. ಇದು ಮಂತ್ರ ಅಲ್ಲ, ಮೊಣಕೈ. ಹಸಿಗೂಸಿಗೆ ಎರಿಯೂ ನೀರು ಹೆಂಗ ನೋಡ್ತೀವಿ, ಹಂಗ ನೋಡು ಅನ್ನಾಕತ್ತಾನ. ಇವರವ್ವ ಮುದಕವ್ವ ನಮ್ಮ ಓಣ್ಯಾಗೆಲ್ಲ ಅದನ್ನ ಮಾಡಾಕಿ. ಹೌದಲ್ಲೋ ತಮ್ಮಾ?”

ಬಾಳೇಶ ಕಣ್ಣು ಮುಚ್ಚಿ ತಲೆ ಆಡಿಸಿದ. ಅಷ್ಟು ಭಾರದ ತಲೆಯನ್ನು ಈ ಜಿಲ್ಲೆಯಲ್ಲಿ ಯಾರೂ ಆಡಿಸಿದ್ದಿಲ್ಲ.

ಅಕ್ಷತಾ ಬೇರೆ ಬೋಗುಣಿಗೆ ಅರ್ಧ ಬಿಸಿ, ಅರ್ಧ ತಣ್ಣಗಿನ ಸಲೈನು ಸುರಿದಳು. ಲಗಮವ್ವ ಬಗ್ಗಿ ಬೋಗುಣಿಯ ಹೊಟ್ಟೆಗೆ ಮೊಣಕೈ ಒತ್ತಿದಳು. “ಇನ್ನೊಂದೀಟು ತಣ್ಣಂದು. ಹಾಂ. ಇನ್ನೊಂದ ಹನಿ. ಆತು, ಕೂಸಿಗೆ ಹಿತ ಅನಸ್ತೈತಿ.” ಕಡೆಯ ಟ್ಯೂಬು ನೀರಿಗೆ ಬಿತ್ತು. ಎತ್ತಿದಾಗ ಅದು ಹದವಾಗಿ ಬಾಗಿತು, ಮಡಚಲಿಲ್ಲ.

“ದೊಡ್ಡ ಉಸಿರು ತಗೋ ಕೂಸ,” ಎಂದರು ಡಾಕ್ಟರ್ ಗೌರೀಶ. ಟ್ಯೂಬು ಮೂಗಿನೊಳಗೆ ಬೆಚ್ಚಗೆ ಜಾರಿತು. ಕೆಮ್ಮು ಬಂತು, ಕಣ್ಣು ಕತ್ತಲಾಯಿತು, ಆಮೇಲೆ ಟ್ಯೂಬಿನ ಹೊರತುದಿಯಲ್ಲಿ ಅವನ ಉಸಿರು ಹುಸ್ ಎಂದಿತು. ಒಂದು ಹನಿ ರಕ್ತವಿಲ್ಲ. ನಿದ್ದೆಯ ಔಷಧಿ ಏರುವ ಮುಂಚೆ ಅವನ ಕಿವಿಗೆ ಕಡೆಗೆ ಬಿದ್ದದ್ದು ಮೂವರೂ ನಗುವ ಸದ್ದು.

ಮರುದಿನ ಬಾಳೇಶ ವಾರ್ಡಿನ ಕಿಟಕಿಯ ಹತ್ತಿರದ ಹಾಸಿಗೆಯಲ್ಲಿದ್ದ. ಬಾಯಿ ಮೂರು ಬೆರಳು ತೆರೆದಿತ್ತು. ಮತ್ತೆ ಮುಚ್ಚಿಕೊಳ್ಳಬಾರದೆಂದು ಹಲ್ಲುಗಳ ನಡುವೆ ಐಸ್‌ಕ್ಯಾಂಡಿಯ ಕಡ್ಡಿಗಳ ಒಂದು ಕಟ್ಟನ್ನು ಸಿಕ್ಕಿಸಿದ್ದರು, ದಿನಕ್ಕೆ ಆರು ಸಲ, ಅರ್ಧರ್ಧ ಗಂಟೆ. ಮುಚ್ಚಿದ ಬಾಯಲ್ಲಿ ಖರೆ ಹೇಳಲಾಗಲಿಲ್ಲ, ಈಗ ತೆರೆದ ಬಾಯಲ್ಲಿ ಸುಳ್ಳೂ ಹೇಳುವಂತಿಲ್ಲ.

ಮುದಕವ್ವ ಕಾಲ ಬಳಿ ಕೂತು ಅಂಬಲಿಯ ತಂಬಿಗೆಗೆ ಮೊಣಕೈ ತಾಗಿಸಿ ನೋಡುತ್ತಿದ್ದಳು. ಲಗಮವ್ವ ಎಲ್ಲ ಹೇಳಿಯಾಗಿತ್ತು.

“ನಾ ಕಲಿಸಿದ್ದು ಅಂತ ಅಂದಿದ್ರ ನಿನ್ನ ಮೀಸಿ ಉದರಿ ಬೀಳ್ತಿತ್ತೇನೋ?” ಎಂದಳು. ತಂಬಿಗೆ ಕೆಳಗಿಟ್ಟು, “ಮತ್ತ ಅದ್ಯಾವ ನಾಯಿನೋ, ಅರಸರ ಕಾಲು ನೆಕ್ಕಿದ್ದು?”

“ಆ,” ಎಂದ ಬಾಳೇಶ.

ತಲೆದಿಂಬಿನ ಬಳಿ ಅವನ ಮೊಬೈಲು ಹೊಡೆದುಕೊಂಡಿತು. ಮುಧೋಳದ ದವಾಖಾನೆ. ಅವನು ಕೈ ಚಾಚುವಷ್ಟರಲ್ಲಿ ಅಕ್ಷತಾ ಬಂದು ಎತ್ತಿಕೊಂಡಳು.

“ಇಲ್ಲರಿ, ಅವರಿಗೆ ಮಾತಾಡಾಕ ಬರೂದಿಲ್ಲ… ನಾಳೆ ಕೇಸಾ? ಅದಕ್ಕ ಅವರ್ಯಾಕ ಬೇಕ್ರಿ. ನಿಮ್ಮಲ್ಲಿ ಕೂಸಿಗೆ ಎರೆದ ಆಯಾ ಯಾರರ ಅದಾರೇನು? ಹಾಂ, ಫೋನ್ ಅವರ ಕೈಯಾಗ ಕೊಡ್ರಿ.”

ಬಾಳೇಶ ಕಡ್ಡಿ ಕಚ್ಚಿಕೊಂಡು ಸೂರು ನೋಡುತ್ತ ಮಲಗಿದ್ದ. ಹೊದಿಕೆಯ ಒಳಗೆ ಅವನ ಬಲಮೊಣಕೈ ಹಾಸಿಗೆಯ ಕಬ್ಬಿಣದ ಪಟ್ಟಿಗೆ ತಾಗಿತು. ತಣ್ಣಗಿತ್ತು.