ಹೊಲಿದ ಗವಸು

“ಲೇ ಹೇಸರಗತ್ತೆ ಸೂಳೆಮಗನೆ, ಬೂಟುಗಾಲಲ್ಲಿ ನನ್ನ ಡೇರೆಯೊಳಗೆ ಬರ್ಬೇಡ ಅಂದಿಲ್ವಾ?”

ಕಾಲು ಹಿಂದೆಗೆದೆ. ಸಾಹೇಬರ ಹಾಸಿಗೆ, ಸ್ಟವ್ವು, ಕೊನೆಗೆ ಅವರು ಕೂರುವ ಕಮೋಡನ್ನೂ ಈ ಹಿಮದ ಮೇಲೆ ಹೊತ್ತು ತಂದದ್ದು ಇದೇ ಬೂಟುಗಾಲು. ಮರುಗಳಿಗೆಗೆ ಅವರ ದನಿ ಬೆಣ್ಣೆಯಾಯಿತು. ಹೊಚ್ಚಹೊಸ ಕೆಂಪು ಜಾಕೆಟ್ಟು ನನ್ನತ್ತ ಎಸೆದರು.

“ಹಾಕ್ಕೊಳೋ. ತುದೀಲಿ ಚಳಿ ಜಾಸ್ತಿ.”

ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ! ನನಗೆ ಭಯವಾಯಿತು.

ಅವರ ಆಫೀಸಿನ ಗೋಡೆಯ ಮೇಲೆ ಹೋದ ವರ್ಷದ ಫೋಟೋ ಇದೆ. ಇದೇ ಶಿಖರ, ಇಂಥದೇ ಜಾಕೆಟ್ಟು, ಮುಖಕ್ಕೆ ಮುಸುಕು, ಕಪ್ಪು ಕನ್ನಡಕ. ಸಾಹೇಬರು ತಾನೇ ಎಂದು ತೋರಿಸುತ್ತಾರೆ. ಆದರೆ ಎತ್ತಿದ ಎಡಗೈಯ ಗವಸಿನಲ್ಲಿ ಎರಡು ಬೆರಳು ಮಡಚಿ ಕರಿದಾರದಲ್ಲಿ ಹೊಲಿದಿದೆ. ಆ ಹೊಲಿಗೆ ನಮ್ಮ ಅತ್ತಿಗೆಯದು. ಹಿಮಕ್ಕೆ ಅಣ್ಣನ ಎರಡು ಬೆರಳು ಹೋದ ಮೇಲೆ, ಗಾಳಿ ನುಗ್ಗದಿರಲೆಂದು ಅವನ ಗವಸುಗಳನ್ನೆಲ್ಲ ಅವಳು ಹಾಗೆ ಹೊಲಿಯುತ್ತಿದ್ದಳು. ಹೋದ ವರ್ಷ ಸಾಹೇಬರು, ಅಣ್ಣ ಕೆಳಗಿನ ಡೇರೆಯಲ್ಲೇ ಕುಡಿದು ಸತ್ತ, ಹೆಣ ಸಿಗಲಿಲ್ಲ ಎಂದು ಅವಳಿಗೆ ಹೇಳಿ ಕಳಿಸಿದ್ದರು. ಡೇರೆಯಲ್ಲಿ ಸತ್ತವನ ಹೆಣ ಎಲ್ಲಿಗೆ ಎದ್ದು ಹೋಗುತ್ತದೆ?

“ಫೋಟೋದಲ್ಲಿ ಮುಖ ಕಾಣ್ಬಾರ್ದು, ಸಾಹೇಬ್ರೇ ಅನ್ನಿಸ್ಬೇಕು,” ಎಂದು ಮುಸುಕು, ಕಪ್ಪು ಕನ್ನಡಕ ಕೊಟ್ಟ ನಮ್ಮ ಕೂಲಿಗಳ ಮೇಸ್ತ್ರಿ. ಕ್ಯಾಮೆರಾ ಹೊತ್ತು ನನ್ನ ಜೊತೆ ಹೊರಟವನು ಅವನೊಬ್ಬನೇ. ಹೋದ ವರ್ಷದ ಫೋಟೋ ಹೊಡೆದವನೂ ಅವನೇ.

ತುದಿ ಒಂದು ಚಾಪೆಯಷ್ಟೂ ಇಲ್ಲ. ಇಷ್ಟಕ್ಕಾಗಿ ಅಣ್ಣ ಹೋದನಲ್ಲ! ಮೇಸ್ತ್ರಿ ಕ್ಯಾಮೆರಾ ಎತ್ತಿದೊಡನೆ ಕನ್ನಡಕ ತೆಗೆದೆ, ಮುಸುಕು ಕಿತ್ತೆ.

“ಮುಚ್ಕೊಳೋ ಬೋಳಿಮಗನೆ! ಇಬ್ರ ಹೊಟ್ಟೆಗೂ ಮಣ್ಣು ಬೀಳ್ತದೆ!”

“ಬೀಳ್ಲಿ. ಹೊಡೀರಿ ಫೋಟೋ.”

ಹೊಡೆದ. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಕಾಣಲಿಲ್ಲ. ಕ್ಯಾಮೆರಾ ತನ್ನ ಕೊರಳಿಗೇ ಹಾಕಿಕೊಂಡು, ಹಗ್ಗ ಬಿಚ್ಚುತ್ತ, ಬೇರೆ ಕಡೆ ನೋಡುತ್ತ ಹೇಳಿದ:

“ನೀನು ಮುಂದೆ ಇಳಿ. ಹಿರಿಯನಾದವನು ಮೇಲೆ ನಿಂತು ಹಗ್ಗ ಹಿಡೀಬೇಕು. ಅದೇ ಅಲ್ವಾ ನಮ್ಮ ಪದ್ಧತಿ?”

“ನಮ್ಮಣ್ಣನ್ನೂ ಹಂಗೇ ಇಳಿಸಿದ್ರಾ?”

ಅವನು ತಲೆ ಎತ್ತದೆ ಹಗ್ಗದ ಗಂಟು ಬಿಚ್ಚುತ್ತಲೇ ಇದ್ದ.

ಮೊದಲು ಕ್ಯಾಮೆರಾ ಕಿತ್ತುಕೊಂಡೆ. ಆಮೇಲೆ ಅವನನ್ನು ಹಿಮಕ್ಕೆ ಒತ್ತಿ ಹಿಡಿದು ಹಗ್ಗದ ಒಂದು ತುದಿ ಸೊಂಟಕ್ಕೆ ಬಿಗಿದು, ಉಳಿದದ್ದನ್ನು ನನ್ನ ಕೈಗೆ ಸುತ್ತಿಕೊಂಡೆ.

“ಇವತ್ತು ನೀನು ಮುಂದೆ.”

ಅವನು ಇಳಿಜಾರು ನೋಡಿದ, ನನ್ನ ಕೈ ನೋಡಿದ. ಅಂಚಿನಿಂದ ಕಾಲು ಕೆಳಗಿಟ್ಟು ಅಲ್ಲೇ ನಿಂತ.

“ಬಿಟ್ಬಿಡ್ಬೇಡ ಕಣೋ. ಮಕ್ಕಳೊಂದಿಗ ನಾನು.”

“ನಮ್ಮಣ್ಣನೂ ಹಿಂಗೇ ಅಂದಿದ್ನಾ?” ಎಂದು ಕೇಳಿದೆ.

ಅವನು ಇನ್ನೊಂದು ಕಾಲನ್ನೂ ಅಂಚಿನಿಂದ ಕೆಳಗಿಳಿಸಿದ. ನನ್ನ ಕೈಗೆ ಸುತ್ತಿದ ಹಗ್ಗ ಬಿಗಿಯಾಯಿತು.