ಒಡಕು ಕಳೆದ ರೇಟು

ನಾಲ್ಕು ಊರುಗಳಿದ್ದವು. ಕಂದಾಯದ ಕಾಗದಗಳಲ್ಲಿ ಅವಕ್ಕೆ ಬೇರೆ ಬೇರೆ ಹೆಸರುಗಳಿದ್ದಿರಬೇಕು. ಆದರೆ ಜನ ಅವನ್ನು ಸಂತೆ ಕೂಡುವ ವಾರದ ಹೆಸರಿನಿಂದಲೇ ಕರೆಯುತ್ತಿದ್ದರು: ಸೋಮವಾರದ ಊರು, ಬುಧವಾರದ ಊರು, ಶುಕ್ರವಾರದ ಊರು, ಭಾನುವಾರದ ಊರು. ಉಳಿದ ಮೂರು ದಿನ ಎಲ್ಲಿಯೂ ಸಂತೆ ಇಲ್ಲದ್ದರಿಂದ ಆ ದಿನಗಳಲ್ಲಿ ಯಾವುದರ ಬೆಲೆ ಎಷ್ಟೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದರಿಂದ ಯಾರ ನಿದ್ದೆಯೂ ಕೆಟ್ಟಿರಲಿಲ್ಲ.

ಸೋಮವಾರದ ಊರಿನ ಸಂತೆಕಟ್ಟೆಯ ಮೇಲೆ ಒಂದು ಕರಿಹಲಗೆ ಇತ್ತು. ಅದರ ಮೇಲೆ ಮೊಟ್ಟೆಯ ರೇಟು ಬರೆಯುವುದು ಫಕೀರಪ್ಪನ ಕೆಲಸ. ಪ್ರತಿ ಸೋಮವಾರ ಭಾನುವಾರದ ಊರಿನಿಂದ ಬರುವ ಮೊದಲ ಬಸ್ಸಿನ ಕಂಡಕ್ಟರು ಅವನ ಕೈಗೆ ಒಂದು ಚೀಟಿ ಕೊಡುತ್ತಿದ್ದ. ಫಕೀರಪ್ಪ ಚೀಟಿಯ ಅಂಕಿಯಿಂದ ಐದು ಪೈಸೆ ಒಡಕು ಕಳೆದು, ಮಿಕ್ಕದ್ದನ್ನು ಹಲಗೆಯ ಮೇಲೆ ದುಂಡಗೆ ಬರೆಯುತ್ತಿದ್ದ. ಅದರ ಕೆಳಗೆ ಪೇಟೆಯ ಸ್ಥಿತಿಗತಿ ಬರೆಯುತ್ತಿದ್ದ. ಅದೂ ಚೀಟಿಯಲ್ಲೇ ಇರುತ್ತಿತ್ತು: "ಆವಕ ಸಾಧಾರಣ. ಬೇಡಿಕೆ ಮಂದ. ಪೇಟೆ ಸ್ಥಿರ."

ಒಡಕಿನ ಕಥೆ ಹಳೆಯದು. ಹಿಂದೊಂದು ಕಾಲದಲ್ಲಿ ಮೊಟ್ಟೆಗಳು ಊರಿಂದ ಊರಿಗೆ ಬುಟ್ಟಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ, ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದವು. ದಾರಿಯಲ್ಲಿ ಒಂದಷ್ಟು ಒಡೆಯುತ್ತಿದ್ದವು. ಹಾಗಾಗಿ ಒಂದು ಊರಿನ ರೇಟು ಇನ್ನೊಂದು ಊರಿಗೆ ಬರುವಾಗ ಮೊಟ್ಟೆಗೆ ಐದು ಪೈಸೆಯಂತೆ ಕಳೆಯುವುದು ನ್ಯಾಯವೇ ಆಗಿತ್ತು. ಈಗ ಮೊಟ್ಟೆಗಳು ಒಂದೂರಿಂದ ಇನ್ನೊಂದೂರಿಗೆ ಹೋಗುತ್ತಿರಲಿಲ್ಲ. ವ್ಯಾಪಾರಿಗಳು ಆಯಾ ಸಂತೆಯಲ್ಲೇ ಟ್ರೇಗಳಲ್ಲಿ ತುಂಬಿಸಿಕೊಂಡು ದೂರದ ನಗರಕ್ಕೆ ಸಾಗಿಸುತ್ತಿದ್ದರು. ಊರಿಂದ ಊರಿಗೆ ಹೋಗುತ್ತಿದ್ದುದು ಬರೀ ಚೀಟಿ. ಆದರೂ ಒಡಕು ಕಳೆಯುವುದನ್ನು ಯಾರೂ ಬಿಟ್ಟಿರಲಿಲ್ಲ, ಏಕೆಂದರೆ ಬಿಡಿ ಎಂದು ಯಾರೂ ಹೇಳಿರಲಿಲ್ಲ.

ಫಕೀರಪ್ಪ ಈ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದ. ಇಷ್ಟು ವರ್ಷದಲ್ಲಿ ತನ್ನ ಕಡೆಯಿಂದ ಒಂದು ಪೈಸೆ ಸೇರಿಸಿದವನಲ್ಲ, ಒಡಕು ಬಿಟ್ಟರೆ ಒಂದು ಪೈಸೆ ಕಳೆದವನೂ ಅಲ್ಲ. ಊರಿನಲ್ಲಿ ಅವನಿಗೆ ಮರ್ಯಾದೆ ಇತ್ತು. ಮರ್ಯಾದೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ, ಹಾಗಾಗಿ ಅದನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದ.

ಅವನ ಅಕ್ಕ ಕಾಶವ್ವ ಊರಿನ ಅಂಚಿನಲ್ಲಿ ಮುನ್ನೂರು ಕೋಳಿ ಸಾಕಿದ್ದಳು. ಗಂಡ ಹೋದ ಮೇಲೆ ಅವಳನ್ನು ಸಾಕಿದ್ದು ಆ ಕೋಳಿಗಳೇ. ಮೂರು ತಿಂಗಳ ಹಿಂದೆ ಮೊಟ್ಟೆಗೆ ಆರೂವರೆ ರೂಪಾಯಿ ಇತ್ತು. ಆಮೇಲೆ ರೇಟು ಪ್ರತಿ ಸಂತೆಗೂ ಇಪ್ಪತ್ತು ಪೈಸೆ ಇಳಿಯುತ್ತಾ ಬಂತು. ಒಂದು ವಾರವೂ ತಪ್ಪದೆ, ಒಂದು ಪೈಸೆಯೂ ಹೆಚ್ಚುಕಡಿಮೆಯಾಗದೆ ಇಳಿಯಿತು. ಕೊನೆಗೊಂದು ಸೋಮವಾರ ಫಕೀರಪ್ಪ ಹಲಗೆಯ ಮೇಲೆ ನಾಲ್ಕು ರೂಪಾಯಿ ಹತ್ತು ಪೈಸೆ ಎಂದು ಬರೆದ, ಕೆಳಗೆ ಪೇಟೆ ಸ್ಥಿರ ಎಂದೂ ಬರೆದ.

ಸಂತೆ ಚದುರಿದ ಮೇಲೆ ಕಾಶವ್ವ ಹಲಗೆಯ ಕೆಳಗೆ ಬಂದು ನಿಂತಳು.

"ಒಂದು ತತ್ತಿ ಹೊರಗ ಬರಬೇಕಂದ್ರ ನನಗ ನಾಕೂವರಿ ಬೀಳ್ತೈತಿ ತಮ್ಮ," ಎಂದಳು. "ಮೆಕ್ಕಿಜೋಳ ಪುಕ್ಕಟ ಕೊಡ್ತಾರೇನು? ಮುಂದಿನ ಸೋಮವಾರ ಸಂಜಿಗೆ ಕೋಳಿ ಗಾಡಿಯವಗ ಬಾ ಅಂದೀನಿ. ಎಲ್ಲಾನೂ ಮಾಂಸಕ್ಕ ಹಾಕಿಬಿಡ್ತೀನಿ."

"ಇನ್ನೂ ಎರಡು ವರ್ಷ ತತ್ತಿ ಇಡೂ ಕೋಳಿ ಅವು, ಅಕ್ಕ."

"ಅದು ಅವಕ್ಕೂ ಗೊತ್ತೈತಿ, ನನಗೂ ಗೊತ್ತೈತಿ. ನಿನ್ನ ಹಲಗಿಗೆ ಗೊತ್ತಿಲ್ಲ. ಸುಣ್ಣದ ಕಡ್ಡಿ ನಿನ್ನ ಕೈಯಾಗ ಐತಿ. ನಾಕರ ಜಾಗಾದಾಗ ಐದು ಬರದ್ರ ನಿನ್ನ ಗಂಟೇನು ಹೋಗ್ತೈತಿ?"

"ನಾ ಬರೀ ಬರಿಯಾಂವ ಅಕ್ಕ. ರೇಟು ಮ್ಯಾಲಿಂದ ಬರ್ತೈತಿ."

"ಮ್ಯಾಲ ಅಂದ್ರ ಎಲ್ಲಿ?"

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಫಕೀರಪ್ಪನಿಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಕೋಳಿ ಹೋದರೆ ಅಕ್ಕ ತನ್ನ ಮನೆಗೆ ಬಂದು ಇರಬೇಕಾಗುತ್ತದೆ. ಅದು ಅವನ ಹೆಂಡತಿಗೆ ಬೇಡವಾಗಿತ್ತು, ಅವನಿಗೂ ಅಷ್ಟಾಗಿ ಬೇಕಾಗಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಅಕ್ಕನಿಗೆ ಬೇಡವಾಗಿತ್ತು. ಸ್ವಂತ ಒಲೆಯ ಮುಂದೆ ಕೂತು ಉಂಡವಳಿಗೆ ಇನ್ನೊಬ್ಬರ ಒಲೆಯ ಪಕ್ಕ ಕೂರುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ರೇಟು ಎಲ್ಲಿಂದ ಬರುತ್ತದೋ ನೋಡಿಯೇ ಬರುತ್ತೇನೆಂದು ಬಸ್ಸು ಹತ್ತಿದ.

ಭಾನುವಾರದ ಊರಿನಲ್ಲಿ ಹಲಗೆ ಬರೆಯುವವನು ಒಬ್ಬ ದರ್ಜಿ. ಹೊಲಿಗೆಯಂತ್ರ ತುಳಿಯುತ್ತಲೇ ಅವನು ಉತ್ತರ ಕೊಟ್ಟ.

"ರೇಟು ನಾ ಮಾಡ್ತೀನೇನ್ರಿ? ಶುಕ್ರವಾರದ ಊರಿಂದ ಚೀಟಿ ಬರ್ತೈತಿ. ಒಡಕು ಐದು ಪೈಸೆ ಕಳದು ಬರಿತೀನಿ. ದಾರಿ ಭಾಳ ಕೆಟ್ಟೈತಲ್ರಿ."

ಆ ದಾರಿಗೆ ಡಾಂಬರು ಬಿದ್ದು ಒಂಬತ್ತು ವರ್ಷವಾಗಿತ್ತು. ಫಕೀರಪ್ಪ ಅದೇ ದಾರಿಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಾ ಶುಕ್ರವಾರದ ಊರಿಗೆ ಹೋದ.

ಶುಕ್ರವಾರದ ಊರಿನಲ್ಲಿ ಹಿಟ್ಟಿನ ಗಿರಣಿಯ ಒಡತಿ ಹಲಗೆ ಬರೆಯುತ್ತಿದ್ದಳು. ಅವಳ ರೇಟು ಬುಧವಾರದ ಊರಿನಿಂದ ಬರುತ್ತಿತ್ತು. ಅವಳೂ ಐದು ಪೈಸೆ ಕಳೆಯುತ್ತಿದ್ದಳು. ಅತಿಥಿಗೆ ಊಟಕ್ಕೆ ಬಡಿಸುತ್ತಾ, ಮೊಟ್ಟೆ ಮಾಡಲಾಗಲಿಲ್ಲವೆಂದು ನೊಂದುಕೊಂಡಳು.

"ನಮ್ಮ ಮನ್ಯಾಗ ತತ್ತಿ ತಿನ್ನೂದು ಬಿಟ್ಟೀವ್ರಿ. ಬೇಡಿಕೆ ಮಂದ ಅಂತ ವಾರಾ ವಾರಾ ನಾನ ಬರಿತೀನಿ. ಮಂದಿ ತಿನ್ನೂದು ಬಿಟ್ಟಾರಂದ್ರ ಅದಕ್ಕ ಏನರ ಕಾರಣ ಇರಬೇಕಲ್ರಿ?"

ಫಕೀರಪ್ಪ ಹೌದೆಂದು ತಲೆಯಾಡಿಸಿ ಬದನೆಕಾಯಿ ಪಲ್ಯ ಹಾಕಿಸಿಕೊಂಡ.

ಬುಧವಾರದ ಊರು ದೊಡ್ಡದು. ಅಲ್ಲಿ ಮೊಟ್ಟೆ ಮಂಡಳಿಯ ಕಟ್ಟಡವಿತ್ತು. ಹಿಂದೆ ಅಲ್ಲಿ ಹತ್ತು ಜನ ಹಿರಿಯರು ವಾರಕ್ಕೊಮ್ಮೆ ಕೂತು, ಎಷ್ಟು ಕೋಳಿ ಇವೆ, ಮೇವು ಎಷ್ಟಕ್ಕೆ ಸಿಗುತ್ತಿದೆ, ನಗರದಲ್ಲಿ ತಿನ್ನುವವರು ಎಷ್ಟು ಎಂದೆಲ್ಲ ವಿಚಾರಿಸಿ ರೇಟು ಗೊತ್ತುಮಾಡುತ್ತಿದ್ದರು. ಇದನ್ನೆಲ್ಲ ಗಿರಣಿಯ ಒಡತಿ ಹಿಂದಿನ ದಿನವಷ್ಟೇ ಫಕೀರಪ್ಪನಿಗೆ ಹೇಳಿದ್ದಳು. ಬುಧವಾರ ಬೆಳಿಗ್ಗೆ ಅವನು ಒಳಗೆ ಹೋದಾಗ ಹತ್ತು ಕುರ್ಚಿಗಳು ಮೇಜಿನ ಮೇಲೆ ಮಗುಚಿದ್ದವು. ಒಬ್ಬ ಜವಾನ ಕಸ ಗುಡಿಸುತ್ತಿದ್ದ.

"ಮಂಡಳಿ ಯಾವಾಗ ಕೂಡ್ತೈತ್ರಿ?"

"ಮೂರು ತಿಂಗಳಾತ್ರಿ ಕೂಡದ. ಅಧ್ಯಕ್ಷರ ಕುರ್ಚಿ ಫ್ಯಾನಿನ ಕೆಳಗ ಇರಬೇಕೋ ಕಿಡಕಿ ಹತ್ರ ಇರಬೇಕೋ ಅಂತ ಜಗಳಾತು. ಐದು ಮಂದಿ ಆ ಕಡೆ, ಐದು ಮಂದಿ ಈ ಕಡೆ. ಎದ್ದು ಹೋದಾವ್ರು ಹೊಳ್ಳಿ ಬಂದಿಲ್ಲ."

"ಮತ್ತ ವಾರಾ ವಾರಾ ರೇಟು ಹೋಗ್ತೈತಲ್ಲ?"

"ಹೋಗ್ಬೇಕಲ್ರಿ! ಶುಕ್ರವಾರದ ಊರಿನ ಬಸ್ಸು ಚೀಟಿಗೆ ಕಾಯ್ತಿರ್ತೈತಿ. ಇಲ್ಲ ಅನ್ನಾಕ ಆಗ್ತೈತೇನು?" ಜವಾನ ಪೊರಕೆಯನ್ನು ಗೋಡೆಗೆ ಒರಗಿಸಿ ಸಮಾಧಾನದಿಂದ ವಿವರಿಸಿದ. "ನಾ ಏನ್ ಮಾಡಿದೆ, ಸೋಮವಾರದ ಊರಿನ ಹಲಗಿ ರೇಟು ತರಿಸ್ಕೊಂಡೆ. ಅಲ್ಲಿ ಫಕೀರಪ್ಪ ಅಂತ ಒಬ್ರು ಅದಾರಂತ. ಇಪ್ಪತ್ತು ವರ್ಷದಾಗ ಒಂದು ಪೈಸೆ ತಮ್ಮ ಕಡಿಂದ ಸೇರಿಸಿಲ್ಲಂತ. ಅಂಥಾವ್ರು ಬರದದ್ದಕ್ಕಿಂತ ಖರೇ ರೇಟು ಎಲ್ಲಿ ಸಿಗಬೇಕ್ರಿ?"

"ಅದನ್ನ ಹಂಗ ಕಳಸ್ತೀರಿ?"

"ಛೆ ಛೆ. ಒಡಕು ಕಳದು ಕಳಸ್ತೀನಿ. ಮಂಡಳಿ ಇಲ್ಲಂತ ನಿಯಮ ಬಿಡಾಕ ಬರೂದಿಲ್ಲ. ಸ್ಥಿತಿಗತಿ ಮಾತ್ರ ಮಂಡಳಿಯವರು ಕಡೀ ಸಲ ಬರದದ್ದ ಐತಿ. ಅದನ್ನ ಮುಟ್ಟಿಲ್ಲ. ಅದು ದೊಡ್ಡವರ ಮಾತು."

ಫಕೀರಪ್ಪನಿಗೆ ಮೊದಲು ಹೆಮ್ಮೆಯಾಯಿತು. ದೂರದ ಊರಿನಲ್ಲಿ ತನ್ನ ಹೆಸರು ಹೀಗೆ ಓಡಾಡುತ್ತಿದೆಯೆಂದು ಅವನು ಎಣಿಸಿರಲಿಲ್ಲ. ಆಮೇಲೆ ಬೆರಳು ಮಡಚಿ ನೋಡಿದ. ನಾಲ್ಕು ಊರು, ಊರಿಗೆ ಐದು ಪೈಸೆ. ಹನ್ನೆರಡು ವಾರ. ಆರೂವರೆಯಿಂದ ನಾಲ್ಕು ಹತ್ತಕ್ಕೆ ಸರಿಯಾಗಿ ಬಂದು ನಿಂತಿತು. ಕೋಳಿ ಹೆಚ್ಚಾಗಿರಲಿಲ್ಲ, ತಿನ್ನುವವರು ಕಡಿಮೆಯಾಗಿರಲಿಲ್ಲ. ಕಾಗದದ ಚೀಟಿಯೊಂದು ನಾಲ್ಕು ಊರು ಸುತ್ತುತ್ತಾ, ಹೋದಲ್ಲೆಲ್ಲ ಒಡೆಯುತ್ತಾ ಬಂದಿತ್ತು, ಅಷ್ಟೆ. ಅವನು ಕಟ್ಟಡದ ಮೆಟ್ಟಿಲ ಮೇಲೆ ಕೂತುಬಿಟ್ಟ. ಜವಾನ ಪಾಪವೆಂದು ನೀರು ಕೊಟ್ಟ.

ಗುರುವಾರ ಊರಿಗೆ ಬಂದವನೇ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಕಾಶವ್ವ ಕೋಳಿಗೆ ನೀರು ಹಾಕುತ್ತಿದ್ದವಳು ಕೇಳುತ್ತಾ ಕೇಳುತ್ತಾ ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು.

"ಅಂದ್ರ ಮ್ಯಾಲ ಯಾರೂ ಇಲ್ಲ?"

"ಯಾರೂ ಇಲ್ಲ ಅಕ್ಕ. ಮ್ಯಾಲ ಅಂದ್ರ ನಾನ."

"ಹಂಗಾರ ಸೋಮವಾರ ಸುಣ್ಣದ ಕಡ್ಡಿ ನನ್ನ ಕೈಯಾಗ ಕೊಡು. ಐದೂವರಿ ಬರಿತೀನಿ. ನನ್ನ ಕೋಳಿನೂ ಬದುಕ್ತಾವ, ಊರೂ ಬದುಕ್ತೈತಿ."

ಫಕೀರಪ್ಪ ಆಗಲಿ ಎಂದ. ಮರ್ಯಾದೆ ಹೋದರೆ ಹೋಗಲಿ ಎಂದು ಅವನು ಜೀವನದಲ್ಲಿ ಮೊದಲ ಸಲ ನಿರ್ಧರಿಸಿದ್ದು ಆಗಲೇ.

ಸೋಮವಾರ ಬಂತು. ಮೊದಲ ಬಸ್ಸೂ ಬಂತು. ಕಂಡಕ್ಟರು ಕೊಟ್ಟ ಚೀಟಿಯನ್ನು ಫಕೀರಪ್ಪ ಬಿಡಿಸಿ ನೋಡಿ, ಮಡಚಿ ಜೇಬಿಗೆ ಹಾಕಿಕೊಂಡ. ಕೋಳಿ ಸಾಕುವವರೆಲ್ಲ ಮೊಟ್ಟೆಯ ಟ್ರೇಗಳನ್ನು ಮುಂದಿಟ್ಟುಕೊಂಡು ಹಲಗೆಯತ್ತ ನೋಡುತ್ತಾ ಕೂತಿದ್ದರು. ಅವನು ಕಟ್ಟೆಯ ಮೇಲೆ ನಿಂತು ಕಂಡದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದ. ಜನ ಬಾಯಿ ತೆರೆದು ಕೇಳಿದರು. ಕೊನೆಗೆ ಅವನು, "ಇವತ್ತಿನ ರೇಟು ನಮ್ಮ ಅಕ್ಕ ಬರೀತಾಳ," ಎಂದ.

ವ್ಯಾಪಾರಿಗಳು ಸಿಟ್ಟಾಗುತ್ತಾರೆಂದು ಅವನು ಅಂಜಿದ್ದ. ಅವರಲ್ಲಿ ಹಿರಿಯನಾದವನು ಎಲೆ ಅಡಿಕೆ ಉಗುಳಿ ಬಂದು ಹೇಳಿದ: "ಬರೀರವ್ವ. ನೀವು ಎಷ್ಟು ಬರಿತೀರೋ ಅಷ್ಟಕ್ಕ ತಗೊಂತೀವಿ. ನಗರದಾಗ ಬೇಯಿಸಿದ ತತ್ತಿ ಹತ್ತು ರೂಪಾಯಿಗೆ ಹೋಗಾಕತ್ತೈತಿ. ನಮಗೇನು ತೊಂದ್ರಿ ಇಲ್ಲ."

ಹೀಗೆ ಅಡ್ಡ ಬರಬಹುದಾಗಿದ್ದವರು ಅಡ್ಡ ಬರಲಿಲ್ಲ. ಕಾಶವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕಟ್ಟೆ ಹತ್ತಿದಳು. ಸುಣ್ಣದ ಕಡ್ಡಿಯನ್ನು ಹಲಗೆಯ ಹತ್ತಿರ ಒಯ್ದಳು.

"ಎಷ್ಟು ಬರೀತಿ?" ಎಂದು ಕೆಳಗಿನಿಂದ ಯಾರೋ ಕೇಳಿದರು.

"ಐದೂವರಿ."

"ಐದೂವರಿ ಜಾಸ್ತಿ ಆಗೂದಿಲ್ಲೇನು?"

"ಎಲ್ಲೀ ಜಾಸ್ತಿ?" ಎಂದ ಇನ್ನೊಬ್ಬ. "ಮೂರು ತಿಂಗಳ ಹಿಂದ ಆರೂವರಿ ಇತ್ತು. ಆರು ಬರಿ."

"ಆರು ಬರದು ನಾಳೆ ಯಾರೂ ಕೇಳದಿದ್ರ?"

"ತಪ್ಪಾದ್ರ ಹೊಣಿ ಯಾರು?"

ಕೊನೆಯ ಪ್ರಶ್ನೆ ಬಿದ್ದ ಮೇಲೆ ಎಲ್ಲರೂ ಕಾಶವ್ವನನ್ನು ನೋಡಿದರು. ಕಾಶವ್ವ ಹಲಗೆ ನೋಡಿದಳು. ಮೊಟ್ಟೆಯನ್ನು ಕೈಯಲ್ಲಿ ತೂಗಿಯೇ ಅದು ಯಾವ ಕೋಳಿಯದೆಂದು ಹೇಳಬಲ್ಲವಳು, ಆದರೆ ಅದರ ಬೆಲೆಯನ್ನು ಅವಳು ಯಾವತ್ತೂ ಹೇಳಿದವಳಲ್ಲ, ಓದಿದವಳು ಅಷ್ಟೆ. ಐದೂವರೆ ಎನ್ನುವುದು ಮನೆಯ ಅಂಗಳದಲ್ಲಿ ಅವಳಿಗೆ ಬಹಳ ಸುಲಭವಾಗಿ ಬಂದಿತ್ತು. ಇಲ್ಲಿ ಅದು ಐದಾಗಿರಬೇಕಿತ್ತೋ ಆರಾಗಿರಬೇಕಿತ್ತೋ ಎಂದು ಹೇಳುವವರು ಯಾರೂ ಇರಲಿಲ್ಲ. ಬಿಸಿಲೇರಿತು. ಟ್ರೇಗಳ ಮೇಲೆ ಜನ ಗೋಣಿತಟ್ಟು ಹೊದಿಸಿದರು. ಅವಳ ಕೈ ಸೋತು ಸ್ವಲ್ಪ ಕೆಳಗಿಳಿಯಿತು.

"ತಮ್ಮ," ಎಂದಳು ಮೆಲ್ಲಗೆ, ಹಿಂದೆ ತಿರುಗದೆ. "ಚೀಟ್ಯಾಗ ಎಷ್ಟು ಬಂದೈತಿ?"

"ಅದ್ಯಾಕಕ್ಕ ಈಗ?"

"ಸುಮ್ನ ಹೇಳು. ತಿಳಕೊಂಡಿರೋಣಂತ."

"ಮೂರು ತೊಂಬತ್ತೈದು."

ಕಾಶವ್ವ ಮತ್ತೆ ಹಲಗೆಯತ್ತ ಕೈ ಎತ್ತಿದಳು. ಆಮೇಲೆ ಕಡ್ಡಿ ಒತ್ತಿ ಮೂರು ರೂಪಾಯಿ ತೊಂಬತ್ತು ಪೈಸೆ ಎಂದು ಬರೆದಳು.

ಕೆಳಗೆ ಕೂತವರೆಲ್ಲ ಉಸಿರು ಬಿಟ್ಟರು. ಅಕ್ಷರ ಚೆನ್ನಾಗಿವೆ ಎಂದು ಒಬ್ಬರು ಹೇಳಿದರು. ಪರ ಊರಿನ ರೇಟೆಂದು ವಾರವಾರ ಗೊಣಗುತ್ತಿದ್ದವರು ಅಂದು ಗೊಣಗಲಿಲ್ಲ, ಇದು ನಮ್ಮವರೇ ಬರೆದ ರೇಟು ಎಂದು ಖುಷಿಯಿಂದ ಮಾರಿದರು. ಮಧ್ಯಾಹ್ನದೊಳಗೆ ಸಂತೆಯಲ್ಲಿ ಒಂದು ಮೊಟ್ಟೆಯೂ ಉಳಿಯಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಫಕೀರಪ್ಪನಿಗೆ ತಡೆಯಲಾಗಲಿಲ್ಲ. "ಯಾಕಕ್ಕ?" ಎಂದು ಕೇಳಿದ.

"ಐದೂವರಿ ಬರದು ತಪ್ಪಾಗಿದ್ರ ಊರೆಲ್ಲ ನನ್ನ ಬೈತಿತ್ತು," ಎಂದಳು ಕಾಶವ್ವ. "ಇದು ತಪ್ಪಾದ್ರ ಯಾರನ್ನ ಬೈಯಬೇಕು ಅಂತ ಯಾರಿಗೂ ಗೊತ್ತಾಗೂದಿಲ್ಲ."

ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ಕೋಳಿ ಗಾಡಿ ಬಂತು. ಮುನ್ನೂರು ಕೋಳಿಗಳನ್ನು ಕಾಲು ಹಿಡಿದು ಪಂಜರಗಳಿಗೆ ತುಂಬಿದರು. ತುಂಬುವ ಗಲಾಟೆಯಲ್ಲಿ ಒಂದು ಕೋಳಿ ಪಂಜರದೊಳಗೇ ಮೊಟ್ಟೆ ಇಟ್ಟಿತು. ಗಾಡಿಯವನು ಪ್ರಾಮಾಣಿಕ. ಅದನ್ನು ಎತ್ತಿ ತಂದು, "ಇದು ನಿಮ್ಮದವ್ವ, ಕೋಳಿ ಅಷ್ಟ ನನ್ನವು," ಎಂದು ಕೊಟ್ಟ. ಮೊಟ್ಟೆ ಇನ್ನೂ ಬೆಚ್ಚಗಿತ್ತು. ಕಾಶವ್ವ ಅದನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ನಿಂತಳು. ಇನ್ನು ಈ ಅಂಗಳದಲ್ಲಿ ಇಂಥದ್ದು ಇರುವುದಿಲ್ಲವೆಂದು ಅವಳಿಗೆ ಅಳು ಬಂತು. ನಾಳೆ ತಮ್ಮನ ಮನೆಗೆ ಒಯ್ದರೆ ಅದು ತಮ್ಮನ ಹೆಂಡತಿಯ ಅಡುಗೆಮನೆಗೆ ಸೇರುತ್ತದೆ.

"ನೀನ ತಗೊಂತೀಯೇನಪ್ಪ ಇದನ್ನ?" ಎಂದಳು. "ಎಷ್ಟು ಕೊಡ್ತಿ?"

"ಮೂರು ತೊಂಬತ್ತು."

"ಅಷ್ಟ? ನನಗ ನಾಕೂವರಿ ಬಿದ್ದೈತಪ್ಪ ಇದಕ್ಕ."

"ನಾ ಏನ್ ಮಾಡ್ಲವ್ವ? ಅದು ಸಂತಿ ರೇಟು. ನಿಮ್ಮ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ."

"ಅದೂ ಖರೇನ ಬಿಡು," ಎಂದಳು ಕಾಶವ್ವ. ಬೆರಳಿಗೆ ಇನ್ನೂ ಸುಣ್ಣ ಅಂಟಿತ್ತು. ಅದನ್ನು ಸೀರೆಗೆ ಒರೆಸಿಕೊಂಡು, ಚಿಲ್ಲರೆಗಾಗಿ ಕೈ ಚಾಚಿದಳು.